ನಮ್ಮೂರಿನ ಬ್ಯಾಂಕ್ ಶಾಖೆ ದಕ್ಷವಾಗಿಲ್ಲವಂತೆ: ಅಳೆದ ಕೋಲು ಯಾವುದು?

ಜಗಳೂರು ಸೀಮೆಯವಳು

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ನನ್ನ ತವರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಆ ಊರಿಗೂ ಸುತ್ತಲಿನ ಏಳೆಂಟು ಹಳ್ಳಿಗಳಿಗೂ ಇರುವುದು ಒಂದೇ ಬ್ಯಾಂಕ್ ಶಾಖೆ. ಮ್ಯಾನೇಜರ್, ಒಬ್ಬ ಅಧಿಕಾರಿ, ಕ್ಯಾಷಿಯರ್, ಅಟೆಂಡರ್, ಹೀಗೆ ನಾಲ್ಕೇ ಜನ. ಈಗ ಅದನ್ನು ತಾಲ್ಲೂಕು ಕೇಂದ್ರದ ಶಾಖೆಯೊಂದಿಗೆ ಸೇರಿಸುತ್ತಾರೆಂಬ ಮಾತು ಹಬ್ಬಿದೆ. ನಮ್ಮಣ್ಣ ಹೋಗಿ ವಿಚಾರಿಸಿದಾಗ, "ಈ ಶಾಖೆಯ ದಕ್ಷತೆ ಕಡಿಮೆ, ತಲಾ ಸಿಬ್ಬಂದಿ ವ್ಯವಹಾರ ಸರಾಸರಿಯ ಅರ್ಧಕ್ಕೂ ಬರುವುದಿಲ್ಲ" ಎಂದು ಹೇಳಿ ಕಳಿಸಿದರಂತೆ.

ಕಳೆದ ತಿಂಗಳು ಅವ್ವನ ಖಾತೆಯ ಕೆವೈಸಿ ನವೀಕರಿಸಲು ನಾನೇ ಆ ಶಾಖೆಗೆ ಹೋಗಿದ್ದೆ. ಶೇಂಗಾ ಬಿಡಿಸಿ ಬಿಡಿಸಿ ಅವ್ವನ ಬೆರಳುಗಳ ಗೆರೆಗಳೆಲ್ಲ ಸವೆದಿವೆ. ಯಂತ್ರ ಹೆಬ್ಬೆರಳನ್ನು ಹಿಡಿಯಲಿಲ್ಲ, ತೋರುಬೆರಳನ್ನೂ ಹಿಡಿಯಲಿಲ್ಲ. ಕ್ಯಾಷಿಯರ್ ಮೇಡಂ ತಮ್ಮ ಕರ್ಚೀಫನ್ನು ನೀರಿನಲ್ಲಿ ಅದ್ದಿ, ಒಂದೊಂದೇ ಬೆರಳನ್ನು ಒರೆಸಿ, ಊದಿ ಆರಿಸಿ, ಮತ್ತೆ ಮತ್ತೆ ಇಡಿಸಿದರು. ಕೊನೆಗೆ ಎಡಗೈ ಉಂಗುರದ ಬೆರಳು ಹಿಡಿಯಿತು. ಆಮೇಲೆ ಅವ್ವನ ಪಿಂಚಣಿಯ 1,200 ರೂಪಾಯಿಗೆ ಚೀಟಿಯನ್ನು ಅವರೇ ಬರೆದು, ನೂರರ ಹನ್ನೆರಡು ನೋಟುಗಳನ್ನು ಅವಳ ಮುಂದೆಯೇ ಎರಡು ಸಲ ಎಣಿಸಿ ಕೊಟ್ಟರು. ಗೋಡೆಯ ಗಡಿಯಾರದಲ್ಲಿ ಹತ್ತೊಂಬತ್ತು ನಿಮಿಷ ಕಳೆದಿತ್ತು. ಅಷ್ಟು ದುಡಿದ ಮೇಲೆ ಶಾಖೆಯ ಠೇವಣಿ 1,200 ರೂಪಾಯಿ ಇಳಿಯಿತು. ತಲಾ ವ್ಯವಹಾರವೆಂಬ ಅಳತೆಯಲ್ಲಿ ಆ ಹತ್ತೊಂಬತ್ತು ನಿಮಿಷ ನಷ್ಟವೇ ಹೌದು.

ಬ್ಯಾಂಕುಗಳ ದಕ್ಷತೆಯನ್ನು ನಿಜಕ್ಕೂ ಹೇಗೆ ಅಳೆಯುತ್ತಾರೆ, ಒಂದನ್ನು ಇನ್ನೊಂದರ ಜೊತೆ ಯಾವ ಲೆಕ್ಕದಲ್ಲಿ ಹೋಲಿಸುತ್ತಾರೆ ಎಂಬುದನ್ನು ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು. ಊರಿನವರು ಮನವಿ ಕೊಡುವುದಾದರೆ ಏನೆಂದು ಬರೆಯಬೇಕು ಎಂಬುದೂ ಗೊತ್ತಾಗಬೇಕಾಗಿದೆ.

ದುರ್ಗದ ನಿವೃತ್ತ ಮ್ಯಾನೇಜರ್

ತಂಗಿ, ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ಬಂದಿದೆ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಚಿತ್ರದುರ್ಗ ಜಿಲ್ಲೆಯ ಹಳ್ಳಿ ಶಾಖೆಗಳಲ್ಲಿಯೇ ಕಳೆದವನು ನಾನು. ತಲಾ ಸಿಬ್ಬಂದಿ ವ್ಯವಹಾರ ಎಂದರೆ ಠೇವಣಿ ಮತ್ತು ಸಾಲ ಎರಡನ್ನೂ ಕೂಡಿ ಸಿಬ್ಬಂದಿಯ ಸಂಖ್ಯೆಯಿಂದ ಭಾಗಿಸುವುದು. ಪ್ರತಿ ಬ್ಯಾಂಕೂ ತನ್ನ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಇದನ್ನೂ ತಲಾ ಸಿಬ್ಬಂದಿ ಲಾಭವನ್ನೂ ಪ್ರಕಟಿಸಲೇಬೇಕು. ಲೆಕ್ಕ ಸುಲಭವಾಗಿರುವುದರಿಂದಲೇ ಅದು ಎಲ್ಲರ ಬಾಯಲ್ಲಿ ನಿಂತಿದೆ.

ಉದಾಹರಣೆಗೆ, ನಿಮ್ಮೂರ ಶಾಖೆಯಲ್ಲಿ 30 ಕೋಟಿ ಠೇವಣಿ, 18 ಕೋಟಿ ಸಾಲ ಇದೆ ಎಂದಿಟ್ಟುಕೊಳ್ಳಿ. ನಾಲ್ಕು ಜನರಿಗೆ 48 ಕೋಟಿ, ತಲಾ 12 ಕೋಟಿ. ಮಾರ್ಚ್ 31ರಂದು ಯಾರೋ ಒಬ್ಬರು 20 ಕೋಟಿ ಇಟ್ಟು ಏಪ್ರಿಲ್ ಮೊದಲ ವಾರವೇ ಹಿಂತೆಗೆದರೂ ವರ್ಷಾಂತ್ಯದ ಲೆಕ್ಕ 68 ಕೋಟಿ ಆಗುತ್ತದೆ, ತಲಾ 17 ಕೋಟಿ. ಯಾರ ದಕ್ಷತೆಯೂ ಒಂದಿಷ್ಟೂ ಹೆಚ್ಚಿರುವುದಿಲ್ಲ. ಇಂಥ ಠೇವಣಿಗಾಗಿ ಮಾರ್ಚ್ ಕೊನೆಯ ವಾರ ದೊಡ್ಡ ಗಿರಾಕಿಗಳ ಮನೆ ಬಾಗಿಲಿಗೆ ನಾನೂ ಓಡಾಡಿದ್ದೇನೆ. ಅದೇ ವಾರ ಬೆಳೆಸಾಲದ ನವೀಕರಣಕ್ಕೆ ಬಂದ ರೈತರನ್ನು "ಏಪ್ರಿಲ್‌ನಲ್ಲಿ ಬನ್ನಿ" ಎಂದು ವಾಪಸು ಕಳಿಸಿದ್ದು ಇವತ್ತಿಗೂ ಮನಸ್ಸಿಗೆ ನೋವು ಕೊಡುತ್ತದೆ.

ಇನ್ನೊಂದು ದೋಷವಿದೆ. ಠೇವಣಿಯಾಗಿ ಬಂದ ನೂರು ರೂಪಾಯಿಯನ್ನು ಅಲ್ಲೇ ಸಾಲ ಕೊಟ್ಟರೆ ವ್ಯವಹಾರ ಇನ್ನೂರು ಎಂದಾಗುತ್ತದೆ, ಏಕೆಂದರೆ ಒಂದೇ ಹಣ ಎರಡು ಸಲ ಎಣಿಕೆಗೆ ಬರುತ್ತದೆ. ಸಾಲದ ಬೇಡಿಕೆ ಕಡಿಮೆ ಇರುವ ಊರಿನಲ್ಲಿ ಆ ನೂರು ಮೇಲಿನ ಕಚೇರಿಗೆ ಹೋಗಿ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಸಾಲವಾದಾಗ, ಎರಡನೆಯ ನೂರು ಅಲ್ಲಿನ ಶಾಖೆಯ ಖಾತೆಗೆ ಜಮೆಯಾಗುತ್ತದೆ.

ಮಂಡಿಪೇಟೆ ವರ್ತಕ

ಸಿಬ್ಬಂದಿ ಎಂದರೆ ಯಾರು ಎಂಬುದನ್ನೂ ಕೇಳಬೇಕು. ನಮ್ಮ ಬೀದಿಯಲ್ಲಿ ದಿನಾ ಸಂಜೆ ಪಿಗ್ಮಿ ಕಟ್ಟಿಸಿಕೊಳ್ಳುವವರು ಬ್ಯಾಂಕಿನ ನೌಕರರಲ್ಲ, ಕಮಿಷನ್ ಮೇಲೆ ದುಡಿಯುವವರು. ಅವರು ತಂದ ಹಣ ಠೇವಣಿಯ ಲೆಕ್ಕದಲ್ಲಿ ಮೇಲೆ ಸೇರುತ್ತದೆ, ಅವರ ತಲೆ ಮಾತ್ರ ಕೆಳಗಿನ ಭಾಜಕದಲ್ಲಿ ಇರುವುದಿಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಹಿರಿಯರು ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಶುರು ಮಾಡಿದಾಗ ಇಂಥ ಅಳತೆಗಳು ಯಾರ ತಲೆಯಲ್ಲಿಯೂ ಇದ್ದಿರಲಾರವು. ಈಗ ಗುತ್ತಿಗೆಯ ಹುಡುಗರು, ಭದ್ರತೆಯವರು, ಹಳ್ಳಿಗಳಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಟ್ಟು ತೆಗೆದುಕೊಳ್ಳುವ ಬ್ಯಾಂಕ್ ಮಿತ್ರರು, ಸಾಲ ವಸೂಲಿಯ ಏಜೆಂಟರು, ಎಲ್ಲರೂ ಹೊರಗಿನವರೇ. ಹೊರಗುತ್ತಿಗೆ ಹೆಚ್ಚು ಕೊಟ್ಟ ಬ್ಯಾಂಕು ತಲಾ ಲೆಕ್ಕದಲ್ಲಿ ತಾನಾಗಿಯೇ ದಕ್ಷವಾಗಿ ಕಾಣುತ್ತದೆ.

ಪಿ.ಜೆ. ಬಡಾವಣೆಯ ಲೆಕ್ಕಪರಿಶೋಧಕ

ಮಂಡಿಪೇಟೆಯವರ ಮಾತಿಗೆ ಒಂದು ತಿದ್ದುಪಡಿ. ಹೊರಗುತ್ತಿಗೆಯವರು ತಲೆಯೆಣಿಕೆಯಿಂದ ತಪ್ಪಿಸಿಕೊಂಡರೂ ಖರ್ಚಿನಿಂದ ತಪ್ಪಿಸಿಕೊಳ್ಳಲಾರರು, ಅವರಿಗೆ ಕೊಟ್ಟ ಕಮಿಷನ್ ನಿರ್ವಹಣಾ ವೆಚ್ಚದಲ್ಲಿ ಬಂದೇ ಬರುತ್ತದೆ. ಹಾಗಾಗಿ ಬ್ಯಾಂಕುಗಳನ್ನು ಹೋಲಿಸಲು ವೆಚ್ಚ-ಆದಾಯ ಅನುಪಾತವೇ ಮೇಲು ಎಂದು ನನ್ನ ಅಭಿಪ್ರಾಯ.

ಒಂದು ಬ್ಯಾಂಕು ಸಾಲ ಮತ್ತು ಹೂಡಿಕೆಯ ಬಡ್ಡಿಯಿಂದ 100 ರೂಪಾಯಿ ಗಳಿಸಿ, ಠೇವಣಿದಾರರಿಗೆ 60 ರೂಪಾಯಿ ಬಡ್ಡಿ ಕೊಟ್ಟು, ಶುಲ್ಕ ಮತ್ತು ಕಮಿಷನ್‌ಗಳಿಂದ 10 ರೂಪಾಯಿ ಪಡೆಯಿತು ಎಂದುಕೊಳ್ಳೋಣ. ಕೈಯಲ್ಲಿ ಉಳಿದದ್ದು 50. ಸಂಬಳ, ಬಾಡಿಗೆ, ಕಂಪ್ಯೂಟರು, ವಿಮೆ ಎಲ್ಲಕ್ಕೂ 25 ಖರ್ಚಾದರೆ ಅನುಪಾತ ಶೇ. 50. ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬುದು ರೂಢಿಯ ಮಾತು.

ಆದರೆ ಇಲ್ಲಿಯೂ ಒಂದು ಸುಳಿಯಿದೆ. ಎರಡನೆಯ ಬ್ಯಾಂಕು ಅಷ್ಟೇ ಸಾಲಕ್ಕೆ ಹೆಚ್ಚಿನ ಬಡ್ಡಿ ಹಾಕಿ 120 ರೂಪಾಯಿ ಗಳಿಸಿತು; ಠೇವಣಿಯ ಬಡ್ಡಿ ಅದೇ 60, ಶುಲ್ಕ ಅದೇ 10; ಖರ್ಚು ಮಾತ್ರ 30ಕ್ಕೆ ಏರಿತು. ಅದರ ಅನುಪಾತ 70ಕ್ಕೆ 30, ಅಂದರೆ ಸುಮಾರು ಶೇ. 43. ಹೆಚ್ಚು ಖರ್ಚು ಮಾಡಿದ ಬ್ಯಾಂಕೇ ಹೆಚ್ಚು ದಕ್ಷವೆಂದು ಕಂಡಿತು, ಆ ವ್ಯತ್ಯಾಸದ ಹಣವನ್ನು ಸಾಲಗಾರ ಕಟ್ಟಿದ. ಷೇರುದಾರನು ನಿವ್ವಳ ಬಡ್ಡಿ ಅಂತರ, ಅಂದರೆ ಗಳಿಸಿದ ಬಡ್ಡಿಗೂ ಕೊಟ್ಟ ಬಡ್ಡಿಗೂ ಇರುವ ವ್ಯತ್ಯಾಸ, ಅಗಲವಾಗಿರುವುದನ್ನು ಶಕ್ತಿ ಎಂದು ನೋಡುತ್ತಾನೆ. ಉಳಿತಾಯಗಾರನಿಂದ ಸಾಲಗಾರನಿಗೆ ಹಣ ದಾಟಿಸಲು ಸಮಾಜ ತೆರುವ ಸುಂಕ ಅದು ಎಂದು ನೋಡುವ ಅರ್ಥಶಾಸ್ತ್ರಜ್ಞನಿಗೆ ಅದೇ ಅಗಲ ಅದಕ್ಷತೆಯ ಗುರುತು. ಆದ್ದರಿಂದ ಈ ಅನುಪಾತವನ್ನು ಒಂಟಿಯಾಗಿ ಓದಬಾರದು. ಒಟ್ಟು ಆಸ್ತಿಯ ಮೇಲಿನ ಲಾಭ, ಬಡ್ಡಿ ಅಂತರ, ವಸೂಲಾಗದ ಸಾಲ, ಈ ಮೂರನ್ನೂ ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಖಾಸಗಿ ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಎಲ್ಲರೂ ಅಳತೆಗೋಲನ್ನೇ ದೂರುತ್ತಿದ್ದೀರಿ. ಅಳೆಯದೇ ಇದ್ದರೆ ಏನಾಗುತ್ತದೆ ಎಂಬುದನ್ನೂ ಯೋಚಿಸಬೇಕು. ಶಾಖೆಯೊಂದನ್ನು ನಡೆಸುವ ಖರ್ಚು ಆಕಾಶದಿಂದ ಬರುವುದಿಲ್ಲ; ಠೇವಣಿದಾರರಿಗೆ ಕೊಡಬಹುದಾಗಿದ್ದ ಬಡ್ಡಿಯಿಂದ ಅಥವಾ ಸರ್ಕಾರ ಬಂಡವಾಳವಾಗಿ ಹಾಕಿದ ತೆರಿಗೆಯ ಹಣದಿಂದ ಬರುತ್ತದೆ. 2018ರ ಮಾರ್ಚ್‌ನಲ್ಲಿ ದೇಶದ ವಾಣಿಜ್ಯ ಬ್ಯಾಂಕುಗಳ ಒಟ್ಟು ವಸೂಲಾಗದ ಸಾಲ, ಕೊಟ್ಟ ಸಾಲದ ಶೇ. 11.2ಕ್ಕೆ ಮುಟ್ಟಿತ್ತು, ಅದರ ದೊಡ್ಡ ಪಾಲು ಸರ್ಕಾರಿ ಬ್ಯಾಂಕುಗಳದ್ದೇ. ಜಗಳೂರಿನ ಮೇಡಂ ಅವರ ತಾಯಿಯವರ ಬಗ್ಗೆ ನನಗೂ ಗೌರವವಿದೆ. ಆದರೆ ಕರುಣೆ ಬೇರೆ, ದಕ್ಷತೆ ಬೇರೆ.

ಹರಿಹರದ ಓದುಗ

ಆ ಶೇ. 11.2 ಹಳ್ಳಿಯ ಪಿಂಚಣಿದಾರರಿಂದ ಆದದ್ದಲ್ಲ ಸ್ವಾಮಿ, ಅದರಲ್ಲಿ ಬಹುಪಾಲು ವಿದ್ಯುತ್, ಉಕ್ಕು, ರಸ್ತೆಯಂತಹ ದೊಡ್ಡ ಯೋಜನೆಗಳಿಗೆ ಕೊಟ್ಟ ಸಾಲ.

ಅರ್ಥಶಾಸ್ತ್ರದ ಮೇಷ್ಟ್ರು

ಖಾಸಗಿ ಬ್ಯಾಂಕಿನ ಗೆಳೆಯರು ಅಳೆಯಲೇಬೇಕು ಎಂದಿದ್ದನ್ನು ನಾನು ಒಪ್ಪುತ್ತೇನೆ. ಅಳೆಯುವ ವಿದ್ಯೆ ತಲಾ ವ್ಯವಹಾರವನ್ನು ದಾಟಿ ಬಹಳ ದೂರ ಬಂದಿದೆ ಎಂಬುದನ್ನು ಇಲ್ಲಿ ಹೇಳಬೇಕು.

ಚಳ್ಳಕೆರೆಯ ಎಣ್ಣೆ ಮಿಲ್ಲುಗಳನ್ನು ನೆನಪಿಸಿಕೊಳ್ಳಿ. ಹತ್ತು ಮಿಲ್ಲುಗಳಿವೆ, ಪ್ರತಿಯೊಂದಕ್ಕೂ ಶೇಂಗಾ ಬೀಜ, ಕರೆಂಟು, ಕೂಲಿ ಎಂಬ ಹೂಡುವಳಿಗಳಿವೆ, ಎಣ್ಣೆ ಮತ್ತು ಹಿಂಡಿ ಎಂಬ ಹುಟ್ಟುವಳಿಗಳಿವೆ. ಬರೀ ಕೂಲಿಯಿಂದ ಭಾಗಿಸಿದರೆ ಯಂತ್ರ ಹೆಚ್ಚಿರುವ ಮಿಲ್ಲು ಗೆಲ್ಲುತ್ತದೆ, ಬರೀ ಕರೆಂಟಿನಿಂದ ಭಾಗಿಸಿದರೆ ಕೂಲಿ ಹೆಚ್ಚಿರುವುದು ಗೆಲ್ಲುತ್ತದೆ. ಎಲ್ಲ ಹೂಡುವಳಿಗಳನ್ನೂ ಎಲ್ಲ ಹುಟ್ಟುವಳಿಗಳನ್ನೂ ಒಟ್ಟಿಗೆ ನೋಡಿ, ಯಾವ ಮಿಲ್ಲುಗಳನ್ನು ಮೀರಿಸಲು ಬೇರೆ ಯಾವುದಕ್ಕೂ ಸಾಧ್ಯವಾಗಿಲ್ಲವೋ ಅವುಗಳನ್ನು ಜೋಡಿಸಿ ಒಂದು ಗಡಿರೇಖೆ ಎಳೆದರೆ, ಉಳಿದವು ಆ ಗಡಿಯಿಂದ ಎಷ್ಟು ಹಿಂದಿವೆ ಎಂಬುದೇ ಅವುಗಳ ಅದಕ್ಷತೆ. ಈ ವಿಚಾರವನ್ನು 1957ರಲ್ಲಿ ಫ್ಯಾರೆಲ್ ಮಂಡಿಸಿದರು. 1978ರಲ್ಲಿ ಚಾರ್ನ್ಸ್, ಕೂಪರ್, ರೋಡ್ಸ್ ಎಂಬ ಮೂವರು ಅದನ್ನು ಗಣಿತಕ್ಕೆ ಇಳಿಸಿದರು. ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್, ಸಂಕ್ಷೇಪವಾಗಿ ಡಿಇಎ ಎಂದು ಅದರ ಹೆಸರು. ಗಡಿಯ ಮೇಲಿರುವವರ ಅಂಕ 1. ಒಬ್ಬರ ಅಂಕ 0.8 ಬಂದರೆ, ಈಗಿನ ಕೆಲಸವನ್ನೇ ಅವರು ಶೇ. 80ರಷ್ಟು ಹೂಡುವಳಿಯಲ್ಲಿ ಮಾಡಬಹುದಿತ್ತು ಎಂದರ್ಥ. ಬ್ಯಾಂಕ್ ಶಾಖೆಗಳಿಗೆ ಈ ವಿಧಾನವನ್ನು 1985ರಷ್ಟು ಹಿಂದೆಯೇ ಬಳಸಿ ನೋಡಿದ್ದಾರೆ.

ಎಣ್ಣೆ ಮಿಲ್ಲಿನಲ್ಲಿ ಬೀಜ ಹೂಡುವಳಿ, ಎಣ್ಣೆ ಹುಟ್ಟುವಳಿ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಬ್ಯಾಂಕಿನಲ್ಲಿ ಠೇವಣಿ ಯಾವುದು? ಅರ್ಧ ಶತಮಾನದಿಂದ ಇದರ ಮೇಲೆ ಜಗಳ ನಡೆದಿದೆ. ಒಂದು ಪಕ್ಷದ ಪ್ರಕಾರ ಬ್ಯಾಂಕು ಮಧ್ಯವರ್ತಿ: ಠೇವಣಿ ಕಚ್ಚಾ ಸಾಮಗ್ರಿ, ಸಾಲ ಮತ್ತು ಹೂಡಿಕೆ ಅದರ ಉತ್ಪನ್ನ. ಇನ್ನೊಂದು ಪಕ್ಷದ ಪ್ರಕಾರ ಬ್ಯಾಂಕು ಸೇವೆಗಳ ಕಾರ್ಖಾನೆ: ಎಷ್ಟು ಖಾತೆಗಳನ್ನು ನಿರ್ವಹಿಸಿತು, ಎಷ್ಟು ವಹಿವಾಟು ಮುಗಿಸಿತು, ಎಷ್ಟು ಅರ್ಜಿ ವಿಲೇವಾರಿ ಮಾಡಿತು ಎಂಬುದೇ ಅದರ ಉತ್ಪನ್ನ. ಇಡೀ ಬ್ಯಾಂಕುಗಳನ್ನು ಹೋಲಿಸುವಾಗ ಮೊದಲನೆಯದನ್ನೂ ಶಾಖೆಗಳನ್ನು ಹೋಲಿಸುವಾಗ ಎರಡನೆಯದನ್ನೂ ಬಳಸುವುದು ಹೆಚ್ಚು ಸೂಕ್ತ ಎಂದು ವಿದ್ವಾಂಸರು ಹೇಳುತ್ತಾರೆ, ಏಕೆಂದರೆ ಹಣವನ್ನು ಎಲ್ಲಿ ಹೂಡಬೇಕೆಂಬ ತೀರ್ಮಾನ ಶಾಖೆಯ ಕೈಯಲ್ಲಿರುವುದಿಲ್ಲ. ಜಗಳೂರಿನ ಮೇಡಂ, ನಿಮ್ಮ ತಾಯಿಯವರಿಗಾಗಿ ವ್ಯಯವಾದ ಆ ಹತ್ತೊಂಬತ್ತು ನಿಮಿಷ ಮೊದಲನೆಯ ಲೆಕ್ಕದಲ್ಲಿ ಕಾಣುವುದೇ ಇಲ್ಲ, ಎರಡನೆಯದರಲ್ಲಿ ಎರಡು ಮುಗಿದ ಕೆಲಸಗಳಾಗಿ ಕಾಣುತ್ತದೆ. ನಿಮ್ಮೂರ ಶಾಖೆಯನ್ನು ಇಡೀ ಬ್ಯಾಂಕಿಗೆ ಮಾಡಿದ ಕೋಲಿನಲ್ಲಿ ಅಳೆದಿದ್ದಾರೆ.

ಚಳ್ಳಕೆರೆ ಎಣ್ಣೆ ಮಿಲ್ಲು

ಮೇಷ್ಟ್ರೇ, ಮಿಲ್ಲಿನ ಮಾತು ತೆಗೆದಿದ್ದಕ್ಕೆ ಸಂತೋಷ, ಆದರೆ ಒಂದು ವಿಷಯ ಬಿಟ್ಟಿರಿ. ಇಬ್ಬರು ಮಿಲ್ಲಿನವರು ಒಂದೊಂದು ಕ್ವಿಂಟಲ್ ಬೀಜ ಹಾಕಿದರು ಎಂದ ಮಾತ್ರಕ್ಕೆ ಒಂದೇ ಕಚ್ಚಾ ಮಾಲು ಹಾಕಿದಂತಾಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಕಾಯಿಯಲ್ಲಿ ಕಾಳು ತುಂಬಿರುವುದಿಲ್ಲ, ಜೊಳ್ಳು ಹೆಚ್ಚು. ತೇವ ಇದ್ದ ಮಾಲು ತೂಕ ತೋರಿಸುತ್ತದೆ, ಎಣ್ಣೆ ಬಿಡುವುದಿಲ್ಲ. ಆ ವರ್ಷ ನನ್ನ ಎಕ್ಸ್‌ಪೆಲ್ಲರ್ ಎಷ್ಟೇ ಚೆನ್ನಾಗಿ ಓಡಿದರೂ ಎಣ್ಣೆಯ ಇಳುವರಿ ಕಡಿಮೆಯೇ. ಯಾರಾದರೂ ಬಂದು ನನ್ನನ್ನು ಅದಕ್ಷನೆಂದು ಬರೆದುಕೊಂಡು ಹೋದರೆ ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. ಯಂತ್ರ ಸಣ್ಣದಾದರೂ ಒಬ್ಬ ಆಪರೇಟರ್, ಒಬ್ಬ ಫಿಟ್ಟರ್ ಬೇಕೇ ಬೇಕು. ಅರ್ಧ ಯಂತ್ರಕ್ಕೆ ಅರ್ಧ ಆಪರೇಟರ್‌ನನ್ನು ಇಟ್ಟುಕೊಳ್ಳಲಾಗದು.

ಅರ್ಥಶಾಸ್ತ್ರದ ಮೇಷ್ಟ್ರು

ನೀವು ಎರಡು ಸಾಲಿನಲ್ಲಿ ಹೇಳಿದ್ದನ್ನು ತಿದ್ದಿಕೊಳ್ಳಲು ನಮ್ಮ ಶಾಸ್ತ್ರಕ್ಕೆ ವರ್ಷಗಳೇ ಬೇಕಾದವು. ಅರ್ಧ ಆಪರೇಟರ್ ಇಲ್ಲ ಎಂಬ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. 1978ರ ಮಾದರಿ ದೊಡ್ಡದನ್ನೂ ಚಿಕ್ಕದನ್ನೂ ಒಂದೇ ಗಡಿಗೆ ಹೋಲಿಸುತ್ತಿತ್ತು. 1984ರಲ್ಲಿ ಬ್ಯಾಂಕರ್, ಚಾರ್ನ್ಸ್, ಕೂಪರ್ ಅದನ್ನು ಸಡಿಲಿಸಿ, ಗಾತ್ರಕ್ಕೆ ತಕ್ಕ ಗಡಿಯನ್ನು ಕೊಟ್ಟರು. ಆಗ ಅದಕ್ಷತೆ ಎರಡು ಹೋಳಾಗುತ್ತದೆ: ಕೆಲಸಗಾರರ ಕೈಯಲ್ಲಿರುವುದು ಒಂದು, ಘಟಕದ ಗಾತ್ರದಿಂದ ಬರುವುದು ಇನ್ನೊಂದು. ನಾಲ್ಕು ಜನರ ಶಾಖೆಗೆ ತಿಜೋರಿಯ ಬೀಗದ ಕೈ ಹಿಡಿಯಲು ಇಬ್ಬರು ಇರಲೇಬೇಕು, ಗಿರಾಕಿಗಳು ಐವತ್ತು ಬರಲಿ ಐನೂರು ಬರಲಿ. ಅದನ್ನು ಕ್ಯಾಷಿಯರ್ ಮೇಡಂ ಅವರ ದೋಷವೆಂದು ಬರೆಯಲಾಗದು.

ಇನ್ನು ಜೊಳ್ಳು ಕಾಳಿನ ಮಾತು. ಡಿಇಎ ವಿಧಾನದ ದೊಡ್ಡ ಕೊರತೆಯೇ ಅದು. ಗಡಿಯಿಂದ ಹಿಂದುಳಿದದ್ದನ್ನೆಲ್ಲ ಅದಕ್ಷತೆ ಎಂದೇ ಎಣಿಸುತ್ತದೆ, ಬರವನ್ನೂ ಸೇರಿಸಿ. 1977ರಲ್ಲಿ ಬಂದ ಸ್ಟೊಕಾಸ್ಟಿಕ್ ಫ್ರಾಂಟಿಯರ್ ಎಂಬ ಇನ್ನೊಂದು ವಿಧಾನವು ಸಂಖ್ಯಾಶಾಸ್ತ್ರದ ನೆರವಿನಿಂದ ಅದೃಷ್ಟ-ದುರದೃಷ್ಟದ ಪಾಲನ್ನೂ ನಿಜವಾದ ಅದಕ್ಷತೆಯ ಪಾಲನ್ನೂ ಬೇರ್ಪಡಿಸಲು ಯತ್ನಿಸುತ್ತದೆ. ಅದಕ್ಕೂ ತನ್ನವೇ ಆದ ಊಹೆಗಳಿವೆ. ಉತ್ಪಾದನೆಯ ಸೂತ್ರ ಹೀಗೆಯೇ ಇರುತ್ತದೆ ಎಂದು ಮೊದಲೇ ನಂಬಿಕೊಳ್ಳಬೇಕಾಗುತ್ತದೆ. ಎಂ.ಕಾಂ. ಪ್ರಬಂಧ ಬರೆಯುವ ಮಕ್ಕಳಿಗೆ ಇನ್ನೊಂದು ಎಚ್ಚರಿಕೆ: ಹನ್ನೆರಡು ಬ್ಯಾಂಕುಗಳನ್ನು ತೆಗೆದುಕೊಂಡು ಏಳೆಂಟು ಹೂಡುವಳಿ-ಹುಟ್ಟುವಳಿಗಳನ್ನು ತುಂಬಿದರೆ ಬಹುತೇಕ ಎಲ್ಲವೂ 1 ಅಂಕ ಪಡೆದು ದಕ್ಷವೆನಿಸಿಬಿಡುತ್ತವೆ. ಘಟಕಗಳ ಸಂಖ್ಯೆ ಹೂಡುವಳಿ-ಹುಟ್ಟುವಳಿಗಳ ಮೊತ್ತದ ಮೂರು ಪಟ್ಟಾದರೂ ಇರಲಿ.

ಖಾಸಗಿ ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಇಷ್ಟೆಲ್ಲ ಗಣಿತ ಮಾಡಿದ ಮೇಲೂ ಖಾಸಗಿ ಬ್ಯಾಂಕುಗಳೇ ಮುಂದೆ ಇರುತ್ತವೆ ಎಂಬುದು ನನ್ನ ಖಚಿತ ನಂಬಿಕೆ.

ಪಿ.ಜೆ. ಬಡಾವಣೆಯ ಲೆಕ್ಕಪರಿಶೋಧಕ

ಯಾವಾಗಲೂ ಹಾಗಾಗಿಲ್ಲ. ನಮ್ಮ ದೇಶದ 70 ವಾಣಿಜ್ಯ ಬ್ಯಾಂಕುಗಳ 1986ರಿಂದ 1991ರವರೆಗಿನ ಲೆಕ್ಕವನ್ನು ಇದೇ ಡಿಇಎ ವಿಧಾನದಲ್ಲಿ ಪರಿಶೀಲಿಸಿ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರ್ಕಾರಿ ಬ್ಯಾಂಕುಗಳೇ ಹೆಚ್ಚು ದಕ್ಷವಾಗಿ ಕಂಡುಬಂದವು, ವಿದೇಶಿ ಬ್ಯಾಂಕುಗಳು ಎರಡನೆಯವು, ಖಾಸಗಿಯವು ಕೊನೆಯವು. ಆದರೆ ಆ ಅವಧಿಯೊಳಗೇ ಸರ್ಕಾರಿ ಬ್ಯಾಂಕುಗಳ ದಕ್ಷತೆ ಇಳಿಮುಖವಾಗಿತ್ತು, ವಿದೇಶಿಯವುಗಳದ್ದು ಏರುಮುಖವಾಗಿತ್ತು ಎಂಬುದನ್ನೂ ಸೇರಿಸಿಯೇ ಹೇಳಬೇಕು. ಅಂದಿನ ಖಾಸಗಿ ಬ್ಯಾಂಕುಗಳೆಂದರೆ ಹಳೆಯ ಸಣ್ಣ ಬ್ಯಾಂಕುಗಳು; ಹೊಸ ತಲೆಮಾರಿನವು ಬಂದದ್ದು 1991ರ ನರಸಿಂಹಂ ಸಮಿತಿಯ ಶಿಫಾರಸಿನ ನಂತರ. ಇವತ್ತಿನ ಚಿತ್ರಕ್ಕೆ ಇವತ್ತಿನ ಲೆಕ್ಕವೇ ಬೇಕು.

ವಸೂಲಾಗದ ಸಾಲದ ಬಗ್ಗೆ ನೀವು ಎತ್ತಿದ ಆಕ್ಷೇಪ ನ್ಯಾಯವಾದದ್ದೇ. ಸಾಲವನ್ನು ಹುಟ್ಟುವಳಿ ಎಂದು ಎಣಿಸಿ, ಅದು ವಾಪಸು ಬಂತೇ ಎಂದು ಕೇಳದೇ ಹೋದರೆ, ಕಣ್ಣುಮುಚ್ಚಿ ಸಾಲ ಹಂಚಿದ ಬ್ಯಾಂಕೇ ದಕ್ಷವಾಗುತ್ತದೆ. ಹಾಗಾಗಿ ಈಗಿನ ಅಧ್ಯಯನಗಳಲ್ಲಿ ವಸೂಲಾಗದ ಸಾಲವನ್ನು ಬೇಡದ ಹುಟ್ಟುವಳಿ ಎಂದು ಸೇರಿಸಿ ಅಂಕ ಕಳೆಯುತ್ತಾರೆ, ಎಣ್ಣೆ ಮಿಲ್ಲಿನ ಹೊಗೆಯಂತೆ. ನೀವು ಹೇಳಿದ ಶೇ. 11.2 ಎಂಬುದು 2024ರ ಮಾರ್ಚ್ ವೇಳೆಗೆ ಶೇ. 2.8ಕ್ಕೆ ಇಳಿಯಿತು. ಇದರಲ್ಲಿ ವಸೂಲಿಯ ಪಾಲೂ ಇದೆ, ಲೆಕ್ಕದ ಪುಸ್ತಕದಿಂದ ತೆಗೆದುಹಾಕಿದ್ದರ ಪಾಲೂ ಇದೆ. ಅನುಪಾತ ಇಳಿಯಿತು ಎಂದ ಮಾತ್ರಕ್ಕೆ ಅಷ್ಟೂ ಹಣ ವಾಪಸು ಬಂತು ಎಂದು ತಿಳಿಯಬಾರದು.

ಚನ್ನಗಿರಿ ಅಡಿಕೆ ತೋಟ

ನನಗೆ ಈ ಗಣಿತ ಪೂರ್ತಿ ತಿಳಿಯಲಿಲ್ಲ, ಆದರೆ ಗಿರಾಕಿಯ ಸಮಯವನ್ನು ಯಾವ ಲೆಕ್ಕದಲ್ಲಿಯೂ ಹಿಡಿದಂತೆ ಕಾಣಲಿಲ್ಲ. ಕಳೆದ ವರ್ಷ ಕೊಯ್ಲಿಗೆ ಮುಂಚೆ ಚಿನ್ನದ ಸಾಲಕ್ಕೆ ಹೋಗಿದ್ದೆ. ವಿಲೀನವಾದ ಬ್ಯಾಂಕು, ಎರಡು ಶಾಖೆ ಸೇರಿ ಒಂದಾಗಿತ್ತು, ಕೌಂಟರ್‌ಗಳು ಮಾತ್ರ ಮೊದಲಿನ ಒಂದು ಶಾಖೆಯಲ್ಲಿದ್ದಷ್ಟೇ ಇದ್ದವು. ಬೆಳಿಗ್ಗೆ ಹತ್ತೂವರೆಗೆ ಟೋಕನ್ ತೆಗೆದುಕೊಂಡವನಿಗೆ ಅಕ್ಕಸಾಲಿಗರು ಬಂದು ಒಡವೆ ಉಜ್ಜಿ ನೋಡುವ ಹೊತ್ತಿಗೆ ಮೂರು ಗಂಟೆ. ಬ್ಯಾಂಕಿನ ಖರ್ಚು ಉಳಿದಿರಬಹುದು. ಆ ಸಾಲಿನಲ್ಲಿ ಕುಳಿತಿದ್ದ ಮೂವತ್ತು ಜನರ ಅರ್ಧ ದಿನದ ಕೂಲಿಯನ್ನು ಯಾರ ಖರ್ಚಿಗೆ ಹಾಕುತ್ತೀರಿ?

ದುರ್ಗದ ನಿವೃತ್ತ ಮ್ಯಾನೇಜರ್

ಬಹಳ ಮುಖ್ಯವಾದ ಮಾತು. ವಿಲೀನದ ಲೆಕ್ಕದಲ್ಲಿ ಉಳಿತಾಯ ಬ್ಯಾಂಕಿನ ಪುಟದಲ್ಲಿ ಕಾಣುತ್ತದೆ, ನಷ್ಟ ಗಿರಾಕಿಯ ಮನೆಯಲ್ಲಿ ಉಳಿಯುತ್ತದೆ. 2017ರಲ್ಲಿ 27 ಇದ್ದ ಸರ್ಕಾರಿ ಬ್ಯಾಂಕುಗಳು 2020ರ ಏಪ್ರಿಲ್ ಹೊತ್ತಿಗೆ 12 ಆದವು. ಮೈಸೂರು ಬ್ಯಾಂಕು, ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್, ಕನ್ನಡ ನೆಲದಲ್ಲಿ ಹುಟ್ಟಿದ ನಾಲ್ಕು ಹೆಸರುಗಳು ಮೂರೇ ವರ್ಷಗಳಲ್ಲಿ ಫಲಕಗಳಿಂದ ಇಳಿದವು. ನಮ್ಮ ಚಿತ್ರದುರ್ಗ ಗ್ರಾಮೀಣ ಬ್ಯಾಂಕಿನ ಕಥೆಯೂ ಅದೇ: ಕೇಂದ್ರ ಕಚೇರಿ ಇದೇ ದುರ್ಗದಲ್ಲಿತ್ತು, 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು, ಆಮೇಲೆ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್, 2025ರ ಮೇ 1ರಿಂದ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕು, ಕೇಂದ್ರ ಕಚೇರಿ ಬಳ್ಳಾರಿಯಲ್ಲಿ. ದೊಡ್ಡದಾದದ್ದರಿಂದ ತಂತ್ರಜ್ಞಾನ ಬಂತು, ಬಂಡವಾಳ ಗಟ್ಟಿಯಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಯಾವ ಹೊಲಕ್ಕೆ ಯಾವ ವರ್ಷ ನೀರು ಸಿಕ್ಕಿತು, ಯಾರ ಕೊಳವೆಬಾವಿ ಬತ್ತಿತು ಎಂದು ಬಾಯಲ್ಲೇ ಹೇಳುತ್ತಿದ್ದ ಕ್ಷೇತ್ರಾಧಿಕಾರಿಯ ತಿಳಿವಳಿಕೆ ಯಾವ ಅನುಪಾತದಲ್ಲಿಯೂ ದಾಖಲಾಗಿರಲಿಲ್ಲ. ಹಾಗಾಗಿ ಅದು ಕಳೆದುಹೋದದ್ದೂ ದಾಖಲಾಗಲಿಲ್ಲ.

ಖಾಸಗಿ ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಗಿರಾಕಿಯ ಸಮಯದ ಮಾತನ್ನು ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ಕಾಯುವ ಸಮಯವನ್ನು ಅಳೆಯುವ ಪದ್ಧತಿ ಇದೆ, ಅದನ್ನು ಎಲ್ಲರೂ ಅಳೆಯಬೇಕು. ಆದರೆ ಆದ್ಯತಾ ವಲಯದ, ಅಂದರೆ ಕೃಷಿ, ಸಣ್ಣ ಉದ್ಯಮದಂತಹ ಕ್ಷೇತ್ರಗಳಿಗೆ ಕೊಡಲೇಬೇಕಾದ ಸಾಲದ ಹೊಣೆ ಸರ್ಕಾರಿ ಬ್ಯಾಂಕುಗಳಿಗೆ ಮಾತ್ರ ಇರುವಂತೆ ಇಲ್ಲಿ ಯಾರೂ ತಿಳಿಯಬಾರದು. ಒಟ್ಟು ಸಾಲದಲ್ಲಿ ಶೇ. 40 ಆದ್ಯತಾ ವಲಯಕ್ಕೆ, ಶೇ. 18 ಕೃಷಿಗೆ ಎಂಬ ನಿಯಮ ನಮಗೂ ಅಷ್ಟೇ ಅನ್ವಯಿಸುತ್ತದೆ, ಅದನ್ನು ನಾವೂ ಪೂರೈಸುತ್ತೇವೆ.

ದುರ್ಗದ ನಿವೃತ್ತ ಮ್ಯಾನೇಜರ್

ಪೂರೈಸುವ ದಾರಿ ಯಾವುದು ಎಂಬುದನ್ನೂ ಹೇಳಬೇಕು ತಮ್ಮಾ. 2016ರ ಏಪ್ರಿಲ್‌ನಿಂದ ಆದ್ಯತಾ ವಲಯ ಸಾಲದ ಪ್ರಮಾಣಪತ್ರಗಳ ಮಾರಾಟಕ್ಕೆ ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿದೆ. ಗುರಿಗಿಂತ ಹೆಚ್ಚು ಸಾಲ ಕೊಟ್ಟ ಬ್ಯಾಂಕು ಆ ಹೆಚ್ಚಳವನ್ನು ಪ್ರಮಾಣಪತ್ರವಾಗಿ ಮಾರುತ್ತದೆ, ಕೊರತೆ ಬಿದ್ದ ಬ್ಯಾಂಕು ಕೊಳ್ಳುತ್ತದೆ. ಸಾಲವೂ ಅದರ ಅಪಾಯವೂ ಕೊಟ್ಟವರ ಬಳಿಯೇ ಉಳಿಯುತ್ತವೆ, ಕೊಂಡವರ ಗುರಿ ಪೂರೈಸುತ್ತದೆ. ನಾಲ್ಕು ಬಗೆಯ ಪ್ರಮಾಣಪತ್ರಗಳಲ್ಲಿ ಸಣ್ಣ ಮತ್ತು ಅತಿಸಣ್ಣ ರೈತರ ಸಾಲದ್ದಕ್ಕೇ ಸಾಮಾನ್ಯವಾಗಿ ಹೆಚ್ಚು ಬೆಲೆ. ಇದು ತಪ್ಪೆಂದು ನಾನು ಹೇಳುತ್ತಿಲ್ಲ, ನಿಯಮಬದ್ಧವಾದ ಒಳ್ಳೆಯ ವ್ಯವಸ್ಥೆಯೇ. ಆದರೆ ಎರಡೆಕರೆ, ಮೂರೆಕರೆಯ ರೈತರಿಗೆ ಸಾಲ ಕೊಡುವ ಜಗಳೂರಿನಂತಹ ಶಾಖೆಯ ಕೆಲಸಕ್ಕೆ ಪೇಟೆಯಲ್ಲಿ ಬೆಲೆ ಇದೆ ಎಂಬುದು ಇದರಿಂದ ರುಜುವಾಯಿತು. ಅಂಥ ಸಾಲದಿಂದ ಬ್ಯಾಂಕಿಗೆ ಬಂದ ಆ ಆದಾಯವನ್ನು ಈ ಶಾಖೆಯ ಲಾಭದ ಲೆಕ್ಕಕ್ಕೆ ಹಾಕಿದ್ದಾರೆಯೇ, ಅಥವಾ ಕೇಂದ್ರ ಕಚೇರಿಯ ಪುಟದಲ್ಲಿಯೇ ನಿಲ್ಲಿಸಿದ್ದಾರೆಯೇ ಎಂದು ಮನವಿಯಲ್ಲಿ ಕೇಳಿ.

ಖಾಸಗಿ ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಈ ಅಂಶವನ್ನು ನಾನು ಯೋಚಿಸಿರಲಿಲ್ಲ, ಸರ್. ಶಾಖೆಯ ಲೆಕ್ಕದಲ್ಲಿ ಅದು ಸೇರಬೇಕಾದದ್ದು ನ್ಯಾಯ.

ಹರಿಹರದ ಓದುಗ

ನ್ಯಾಯ ಸರಿ, ಮುಚ್ಚುವುದನ್ನು ತಡೆಯಲು ಕಾನೂನು ಏನಾದರೂ ಇದೆಯೇ?

ಪಿ.ಜೆ. ಬಡಾವಣೆಯ ಲೆಕ್ಕಪರಿಶೋಧಕ

ಇದೆ, ಇದನ್ನು ಮೊದಲೇ ಹೇಳಬೇಕಾಗಿತ್ತು. ರಿಸರ್ವ್ ಬ್ಯಾಂಕಿನ ಶಾಖಾ ನಿಯಮಗಳ ಪ್ರಕಾರ ನಗರದ ಶಾಖೆಯನ್ನು ಬ್ಯಾಂಕು ತನ್ನ ಇಚ್ಛೆಯಂತೆ ಮುಚ್ಚಬಹುದು, ಸೇರಿಸಬಹುದು. ಆದರೆ ಗ್ರಾಮೀಣ ಶಾಖೆಯನ್ನು, ಅಂದರೆ ಹತ್ತು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನ ಶಾಖೆಯನ್ನು ಮುಚ್ಚಲು, ವಿಲೀನಗೊಳಿಸಲು ಅಥವಾ ಸ್ಥಳಾಂತರಿಸಲು ಜಿಲ್ಲಾ ಸಮಾಲೋಚನಾ ಸಮಿತಿಯ ಅಥವಾ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯ ಸಂಚಾಲಕರು ಜಿಲ್ಲೆಯ ಲೀಡ್ ಬ್ಯಾಂಕ್, ಅಂದರೆ ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಒಗ್ಗೂಡಿಸುವ ಹೊಣೆ ಹೊತ್ತ ಬ್ಯಾಂಕಿನ ಮ್ಯಾನೇಜರ್. 1969ರ ಡಿಸೆಂಬರ್‌ನಲ್ಲಿ ಲೀಡ್ ಬ್ಯಾಂಕ್ ಯೋಜನೆ ಜಾರಿಗೆ ಬಂದದ್ದೇ ಜಿಲ್ಲೆಯ ಅಗತ್ಯವನ್ನು ಜಿಲ್ಲೆಯೊಳಗೇ ಕುಳಿತು ನೋಡಬೇಕೆಂಬ ಉದ್ದೇಶದಿಂದ. ನಿಮ್ಮ ಮನವಿ ದಾವಣಗೆರೆಯ ಲೀಡ್ ಬ್ಯಾಂಕ್ ಕಚೇರಿಗೆ ಹೋಗಲಿ, ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೂ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಅರ್ಥಶಾಸ್ತ್ರದ ಮೇಷ್ಟ್ರು

ಮನವಿಯಲ್ಲಿ ಕಷ್ಟದ ವಿವರಣೆಗಿಂತ ಎಣಿಕೆ ಮುಂದಿರಲಿ. ಒಂದು ದಿನದ ಮಟ್ಟಿಗಾದರೂ ಶಾಖೆಗೆ ಎಷ್ಟು ಜನ ಬಂದರು, ಯಾವ ಕೆಲಸಕ್ಕೆ ಬಂದರು ಎಂದು ಬಾಗಿಲಲ್ಲಿ ನಿಂತು ಬರೆದುಕೊಳ್ಳಿ. ನೀವೇ ಎಣಿಸಿಕೊಂಡು ಹೋದರೆ ಅವರು ತಮ್ಮ ಅಂಕಿಯನ್ನು ಹೊರಗೆ ತೆಗೆಯಬೇಕಾಗುತ್ತದೆ. ಎಲ್ಲ ಗ್ರಾಮೀಣ ಶಾಖೆಗಳ ನಡುವೆ ಮಾತ್ರ ಹೋಲಿಸಬೇಕು, ತಾಲ್ಲೂಕು ಕೇಂದ್ರದ ಶಾಖೆಯೊಂದಿಗೆ ಅಲ್ಲ, ಎಂದೂ ಬರೆಯಿರಿ.

ಜಗಳೂರು ಸೀಮೆಯವಳು

ಎಲ್ಲರಿಗೂ ಕೈಮುಗಿದು ನಮಸ್ಕರಿಸುತ್ತೇನೆ. ಮೇಷ್ಟ್ರು ಹೇಳಿದಂತೆ ಸೋಮವಾರ ನಮ್ಮಣ್ಣನ ಮಗಳು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಶಾಖೆಯ ಹೊರಗಿನ ಜಗುಲಿಯಲ್ಲಿ ಕುಳಿತು, ಮ್ಯಾನೇಜರ್ ಅವರಿಗೆ ಮೊದಲೇ ತಿಳಿಸಿ, ಹೊರಬಂದವರನ್ನೆಲ್ಲ ಕೇಳಿ ಬರೆದುಕೊಂಡಿದ್ದಾಳೆ. ಅವಳು ಬಿ.ಕಾಂ. ಎರಡನೇ ವರ್ಷ. ಒಟ್ಟು 143 ಜನ. ಹಣ ತೆಗೆಯಲು ಬಂದವರು 78, ಅದರಲ್ಲಿ ಹೆಚ್ಚಿನವರು ಪಿಂಚಣಿಯ ಹಾಗೂ ಗೃಹಲಕ್ಷ್ಮಿಯ 2,000 ರೂಪಾಯಿಯವರು. ಪಾಸ್‌ಬುಕ್ ಬರೆಸಲು 31, ಹಣ ಕಟ್ಟಲು 17, ಕೆವೈಸಿ ಮತ್ತು ಆಧಾರ್ ಜೋಡಣೆಗೆ 11, ಸಾಲದ ಕೆಲಸಕ್ಕೆ 6. ತಲಾ ವ್ಯವಹಾರದ ಅಳತೆಯಲ್ಲಿ ಶಾಖೆಗೆ ಅಂಕ ತಂದುಕೊಡುವವರು ಕೊನೆಗೆ ಹಣ ಕಟ್ಟಿದ 17 ಮತ್ತು ಸಾಲದ 6, ಒಟ್ಟು 23 ಜನ. ಉಳಿದ 120 ಜನರ ಕೆಲಸವೂ ಅದೇ ದಿನ, ಅದೇ ನಾಲ್ವರ ಕೈಯಲ್ಲಿ ಮುಗಿದಿದೆ.

ಗ್ರಾಮ ಪಂಚಾಯಿತಿಯ ನಿರ್ಣಯವನ್ನೂ ಜೊತೆಗೆ ಇಡಲು ಅಧ್ಯಕ್ಷರು ಒಪ್ಪಿದ್ದಾರೆ. ಅಣ್ಣನ ಮಗಳು ಇನ್ನೂ ಎರಡು ದಿನ ಎಣಿಸುತ್ತೇನೆ ಎಂದಿದ್ದಾಳೆ, ಒಂದು ಸಂತೆಯ ದಿನ, ಒಂದು ತಿಂಗಳ ಕೊನೆಯ ದಿನ. ಮನವಿಯ ಕರಡನ್ನು ಭಾನುವಾರ ಇಲ್ಲಿ ಹಾಕುತ್ತೇನೆ. ದುರ್ಗದ ಸರ್, ಆ ಪ್ರಮಾಣಪತ್ರದ ಪ್ರಶ್ನೆಯ ವಾಕ್ಯವನ್ನು ತಾವೇ ಬರೆದುಕೊಟ್ಟರೆ ಉಪಕಾರವಾಗುತ್ತದೆ.

ದುರ್ಗದ ನಿವೃತ್ತ ಮ್ಯಾನೇಜರ್

ಬರೆದುಕೊಡುತ್ತೇನೆ ತಂಗಿ. ಎಣಿಕೆಯ ಹಾಳೆಯಲ್ಲಿ ಪ್ರತಿ ಕೆಲಸಕ್ಕೆ ಹಿಡಿದ ನಿಮಿಷಗಳ ಒಂದು ಅಂಕಣವನ್ನೂ ಸೇರಿಸಲು ಮಗುವಿಗೆ ಹೇಳಿ.